ಬಚ್ಚಲ ನೀರಿನ ಹಿಂದೆ ಒಂದು ಯಾತ್ರೆ

ತೀರ್ಥಯಾತ್ರೆಗೆ ಹೊರಡುವವರು ನದಿಯ ಮೂಲವನ್ನು ಅರಸಿಕೊಂಡು ಹೋಗುವುದು ವಾಡಿಕೆ. ತಲಕಾವೇರಿಯ ಕೊಳದಲ್ಲಿ ಮಿಂದು ಬಂದವರು, ಗಂಗೋತ್ರಿಯಿಂದ ತಾಮ್ರದ ಗಿಂಡಿಯಲ್ಲಿ ನೀರು ತಂದವರು ನಮ್ಮ ನೆಂಟರಿಷ್ಟರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ನೀರು ನಮ್ಮ ಮನೆಯ ಬಚ್ಚಲನ್ನು ದಾಟಿದ ಮೇಲೆ ಎಲ್ಲಿಗೆ ಹೋಗುವುದೆಂದು ಹುಡುಕಿಕೊಂಡು ಹೋದವರನ್ನು ನಾನು ಕಂಡಿರಲಿಲ್ಲ. ಪಾಠಶಾಲೆಯ ಕೆಲಸದಿಂದ ನಿವೃತ್ತನಾಗಿ ಬೆಂಗಳೂರಿನಲ್ಲಿ ಮನೆ ಹಿಡಿದು ಕುಳಿತಿದ್ದ ನನಗೆ, ಅರುವತ್ತನೆಯ ವಯಸ್ಸಿನಲ್ಲಿ, ಅಂತಹದೊಂದು ಯಾತ್ರೆಯನ್ನು ಮಾಡುವ ಸಂದರ್ಭವೊದಗಿತು. ಅದರ ವೃತ್ತಾಂತವನ್ನು ವಾಚಕಮಹಾಶಯರ ಮುಂದಿಡುತ್ತೇನೆ.

ಈ ಯಾತ್ರೆಗೆ ಕಾರಣಳಾದವಳು ನನ್ನ ತಂಗಿ. ಅವಳನ್ನು ಕೋಲಾರದ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿದೆ. ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ಎರಡು ಹಸು; ಇದಿಷ್ಟು ಅವಳ ಸಂಸಾರ. ಹಿತ್ತಿಲಿನಲ್ಲಿ ಮಾವನವರ ಕಾಲದ ಕಲ್ಲುಕಟ್ಟಡದ ಬಾವಿಯೊಂದುಂಟು. ಅದು ಬತ್ತಿ ಹದಿನೈದು ವರ್ಷಗಳಾಗಿದ್ದುವು. ಹಗ್ಗವೂ ರಾಟೆಯೂ ಅಟ್ಟ ಸೇರಿದ್ದುವು. ಹೋದ ಆಷಾಢಮಾಸದಲ್ಲಿ ಒಂದು ದಿನ ಅವಳು ದೂರವಾಣಿಯಲ್ಲಿ ಮಾತನಾಡಿದಳು.

“ಅಣ್ಣಯ್ಯ, ನಮ್ಮ ಊರ ಕೆರೆಗೆ ನೀರು ಬಂದದ್ದು ನಿನಗೆ ಗೊತ್ತಷ್ಟೆ. ಈಗ ಹಿತ್ತಿಲ ಬಾವಿಯಲ್ಲಿಯೂ ನೀರು ನಿಂತಿದೆ. ವರಮಹಾಲಕ್ಷ್ಮಿಯ ಕಲಶಕ್ಕೆ ಈ ಸಲ ಆ ನೀರನ್ನೇ ತುಂಬೋಣವೆಂದು ನನಗೆ ಆಸೆ. ಆದರೆ ಊರಿನಲ್ಲಿ ಎಲ್ಲರೂ ಇದು ಬೆಂಗಳೂರಿನವರ ಬಚ್ಚಲ ನೀರು ಅನ್ನುತ್ತಾರೆ. ನೀನು ಶಾಸ್ತ್ರ ಓದಿದವನು. ತುಂಬಬಹುದೋ ಬಾರದೋ, ನೀನೇ ಹೇಳು.”

ನಾನು ಕೂಡಲೇ ಉತ್ತರ ಹೇಳಲಾರದೆ ಹೋದೆನು. ನದೀಜಲ, ಕೂಪಜಲ, ಪರ್ಯುಷಿತಜಲಗಳ ವಿಚಾರವಾಗಿ ಧರ್ಮಶಾಸ್ತ್ರಗಳಲ್ಲಿ ಹೇಳಿರುವುದನ್ನು ಓದಿದ್ದೆನು. ಆದರೆ ಒಂದು ಮಹಾನಗರದ ಸ್ನಾನಗೃಹಗಳಿಂದ ಹೊರಟು, ಯಂತ್ರಗಳ ಮೂಲಕ ಹಾದು, ಕೊಳವೆಗಳಲ್ಲಿ ಪಯಣಮಾಡಿ, ಕೆರೆಯಲ್ಲಿ ನಿಂತು, ಭೂಮಿಯಲ್ಲಿ ಇಂಗಿ, ಬಾವಿಯಲ್ಲಿ ಒಸರಿದ ನೀರಿನ ವಿಷಯವನ್ನು ಯಾವ ಸ್ಮೃತಿಕಾರನೂ ಎತ್ತಿಕೊಂಡಿರಲಿಲ್ಲ. “ನೋಡಿ ಬಂದು ಹೇಳುತ್ತೇನಮ್ಮ” ಎಂದೆನು. ಹೀಗೆ ಹೊರಟಿತು ನನ್ನ ಯಾತ್ರೆ.

ನನ್ನ ಹಳೆಯ ಶಿಷ್ಯನೊಬ್ಬನು ನೀರಿನ ಕೆಲಸಗಳನ್ನು ಬಲ್ಲ ಎಂಜಿನಿಯರು. ರಾಮಶಬ್ದವನ್ನು ಒಪ್ಪಿಸಲಾರದೆ ನನ್ನಿಂದ ಎಷ್ಟೋ ದಿನ ಬೆಂಚಿನ ಮೇಲೆ ನಿಲ್ಲಿಸಿಕೊಂಡವನು. ಅವನೇ ನನಗೆ ದಾರಿತೋರಿಸಲು ಒಪ್ಪಿದನು. “ಮೇಷ್ಟ್ರೇ, ಕೊನೆಯನ್ನು ನೋಡುವ ಮೊದಲು ಮೊದಲನ್ನು ನೋಡಿ” ಎಂದು ಹೇಳಿ, ಒಂದು ಮುಂಜಾನೆ ಕನಕಪುರದ ದಾರಿಯಾಗಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ ಕರೆದುಕೊಂಡು ಹೋದನು.

ದಾರಿಯುದ್ದಕ್ಕೂ ಅವನು ಹಿಂದಿನ ಕಥೆಯನ್ನು ಹೇಳುತ್ತಿದ್ದನು. ಬೆಂಗಳೂರಿಗೆ ಸ್ವಂತ ನದಿಯಿಲ್ಲ. ಕೆಂಪೇಗೌಡರ ಕಾಲದಿಂದ ಕೆರೆಬಾವಿಗಳೇ ಊರಿಗೆ ಆಧಾರವಾಗಿದ್ದುವು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಅರ್ಕಾವತಿಯ ಹೆಸರಘಟ್ಟದ ಕೆರೆಯಿಂದ ನೀರು ತರುವ ಕೆಲಸವನ್ನು ಕೈಗೊಂಡು, 1896ರಲ್ಲಿ ನಗರಕ್ಕೆ ಕೊಳಾಯಿಯ ನೀರು ಬರುವಂತೆ ಮಾಡಲಾಯಿತು. 1925ರ ಸುಮಾರಿಗೆ ಆ ಕೆರೆ ಬತ್ತಿತು. ಅನಂತರ ವಿಶ್ವೇಶ್ವರಯ್ಯನವರ ಸಮಿತಿಯ ಸಲಹೆಯಂತೆ, ಅರ್ಕಾವತಿಯೂ ಕುಮುದ್ವತಿಯೂ ಕೂಡುವೆಡೆಯಾದ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯವನ್ನು ಕಟ್ಟಿದರು. ಅದು 1933ರಲ್ಲಿ ಮುಗಿಯಿತು. ಅದೂ ಸಾಲದೆ ಹೋದಾಗ 1974ರಲ್ಲಿ ಕಾವೇರಿಯೇ ಮೇಲಕ್ಕೆ ಹತ್ತಿ ಬರಬೇಕಾಯಿತು. ಮೊದಲ ಹಂತದಲ್ಲಿ ಬಂದದ್ದು ದಿನಕ್ಕೆ 13.5 ಕೋಟಿ ಲೀಟರು. 2024ರ ಅಕ್ಟೋಬರಿನಲ್ಲಿ ಆರಂಭವಾದ ಐದನೆಯ ಹಂತವೊಂದಕ್ಕೇ ದಿನಕ್ಕೆ 77.5 ಕೋಟಿ ಲೀಟರುಗಳ ಸಾಮರ್ಥ್ಯವನ್ನು ಇಟ್ಟಿದ್ದಾರೆ.

ತೊರೆಕಾಡನಹಳ್ಳಿಯಲ್ಲಿ ಕಂಡದ್ದನ್ನು ಸಂಗ್ರಹವಾಗಿ ಹೇಳುತ್ತೇನೆ. ಹೊಳೆಯಿಂದ ಬಂದ ನೀರಿಗೆ ಪಟಿಕವನ್ನು ಬೆರೆಸಿ ಮೆಲ್ಲಗೆ ಕಲಕುತ್ತಾರೆ. ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಭಾರವಾಗಿ ತಳಕ್ಕಿಳಿಯುತ್ತವೆ. ಮೇಲಣ ತಿಳಿನೀರನ್ನು ಮರಳಿನ ಹಾಸಿನಲ್ಲಿ ಸೋಸಿ, ಕ್ರಿಮಿನಾಶಕ್ಕಾಗಿ ಕ್ಲೋರಿನ್ ಬೆರೆಸುತ್ತಾರೆ. ನನಗೆ ಒಡನೆಯೇ ಸುಶ್ರುತಸಂಹಿತೆಯ ನೆನಪಾಯಿತು. ಕಲಕಿದ ನೀರನ್ನು ತಿಳಿಗೊಳಿಸುವ ಏಳು ವಸ್ತುಗಳನ್ನು ಅದರಲ್ಲಿ ಎಣಿಸಿದೆ; ಮೊದಲನೆಯದು ಕತಕ, ಎಂದರೆ ನಮ್ಮ ಚಿಲ್ಲದ ಬೀಜ; ಸೋಸುವ ಬಟ್ಟೆಯೂ ಆ ಪಟ್ಟಿಯಲ್ಲಿದೆ. ನನ್ನ ಅಜ್ಜಿ ಚಿಲ್ಲದ ಬೀಜವನ್ನು ಮಣ್ಣಿನ ಗಡಿಗೆಯ ಒಳಮೈಗೆ ತೇಯುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ.

ಇಷ್ಟಾದ ಮೇಲೆ ನೀರನ್ನು ಮೇಲಕ್ಕೆ ಎತ್ತಬೇಕು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಈ ಮೂರು ಕಡೆಗಳಲ್ಲಿ ಪಂಪುಗಳು ಅದನ್ನು ಹಂತಹಂತವಾಗಿ ತಳ್ಳುತ್ತವೆ. ದೂರ ಸುಮಾರು 100 ಕಿಲೋಮೀಟರು; ಏರಬೇಕಾದ ಎತ್ತರ ಸುಮಾರು 500 ಮೀಟರು. ಆ ಪಂಪುಗಳ ಮನೆಯಲ್ಲಿ ನಿಂತಾಗ ನೆಲವೇ ನಡುಗುವಂತಿತ್ತು. “ಮೇಷ್ಟ್ರೇ, ಇಲ್ಲಿಂದ ಇಷ್ಟು ಕಷ್ಟಪಟ್ಟು ಏರಿದ ನೀರಿನಲ್ಲಿ 100ಕ್ಕೆ 80 ಪಾಲು ಮನೆಯ ಬಚ್ಚಲಿನಿಂದ ಹೊರಕ್ಕೆ ಹೋಗುತ್ತದೆಂದು ನಮ್ಮ ಲೆಕ್ಕ. ಈ ಮೊದಲನ್ನು ನೋಡಲು ಶಾಲೆಯ ಮಕ್ಕಳು ಬರುತ್ತಾರೆ, ಮಂತ್ರಿಗಳು ಬರುತ್ತಾರೆ. ಆ 80 ಪಾಲನ್ನು ನೋಡಲು ಯಾರೂ ಬರುವುದಿಲ್ಲ” ಎಂದು ಶಿಷ್ಯನು ಹೇಳಿದನು.

ಮುಂದಿನ ವಾರ ನಾವು ಆ 80 ಪಾಲನ್ನು ನೋಡಲು ಹೋದೆವು. ಬೆಂಗಳೂರು ಎತ್ತರದ ದಿಣ್ಣೆಯ ಮೇಲಿರುವ ಊರು; ಅದರ ನೀರು ಬೇರೆಬೇರೆ ಕಣಿವೆಗಳಲ್ಲಿ ಇಳಿದುಹೋಗುವುದು. ಪಡುವಣ ಕಡೆಯದು ವೃಷಭಾವತಿಯನ್ನು ಹಿಡಿದು ಅರ್ಕಾವತಿಯನ್ನು ಸೇರಿ ಮತ್ತೆ ಕಾವೇರಿಗೇ ಬೀಳುತ್ತದೆ. ಮೂಡಣ ಕಡೆಯ ಕೋರಮಂಗಲ ಮತ್ತು ಚಲ್ಲಘಟ್ಟದ ಕಣಿವೆಯದು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಯತ್ತ ಹರಿಯುತ್ತದೆ. ಈ ಬೆಳ್ಳಂದೂರು ಕೆರೆಯ ಅವಸ್ಥೆಯನ್ನು ವಾಚಕರು ಮರೆತಿರಲಾರರು. 2015ರಲ್ಲಿ ಕೋಡಿಯಿಂದ ಎದ್ದ ನೊರೆ ಗಾಳಿಗೆ ಹಾರಿ ದಾರಿಹೋಕರ ಮೈಮೇಲೆ ಬೀಳುತ್ತಿದ್ದಿತು. 2018ರ ಜನವರಿಯಲ್ಲಿ ಕೆರೆಗೆ ಬೆಂಕಿ ಹತ್ತಿ ಅದನ್ನು ಆರಿಸಲು ಸೈನಿಕರೂ ನೆರವಾಗಬೇಕಾಯಿತು. ನೀರು ಬೆಂಕಿಯನ್ನು ನಂದಿಸುವುದೆಂದು ನಲವತ್ತು ವರ್ಷ ಪಾಠ ಹೇಳಿದವನು ನಾನು. ಕೆರೆಯೇ ಹತ್ತಿ ಉರಿಯಿತೆಂಬ ಸುದ್ದಿಯನ್ನು ಓದಿದ ದಿನ ನನ್ನ ಬಾಯಿ ಕಟ್ಟಿದಂತಾಗಿತ್ತು.

ಆ ಕಣಿವೆಯಲ್ಲಿ, ಕೆರೆಗೆ ಮೇಲ್ಗಡೆ, ಕೊಳಚೆನೀರನ್ನು ಶುದ್ಧಿಮಾಡುವ ದೊಡ್ಡ ಕಾರ್ಖಾನೆಯಿದೆ. ಬಾಗಿಲಲ್ಲಿ ಮೂಗು ಮುಚ್ಚಿಕೊಂಡೆನು; ಅರ್ಧ ಗಂಟೆಯಲ್ಲಿ ಅದನ್ನು ಮರೆತೆನು. ಮೊದಲು ಬರುವುದು ಕಂಬಿಗಳ ಜಾಲರಿ. ಅಲ್ಲಿ ಸಿಕ್ಕಿಕೊಂಡಿದ್ದ ವಸ್ತುಗಳನ್ನು ನೋಡಿ ನಾಚಿಕೆಯಾಯಿತು: ಹರಿದ ಬಟ್ಟೆ, ಪ್ಲಾಸ್ಟಿಕ್ ಚೀಲ, ಮಕ್ಕಳ ಚಡ್ಡಿ, ದೇವರಿಗೆ ಏರಿಸಿದ ಹೂವಿನ ಹಾರ. ಆಮೇಲೆ ಮರಳು ನಿಲ್ಲುವ ತೊಟ್ಟಿ, ಅನಂತರ ಭಾರವಾದ ಕಶ್ಮಲವು ತಳಕ್ಕಿಳಿಯುವ ದುಂಡು ಕೊಳ. ಇದರ ಮುಂದೆ ಗಾಳಿಯೂಡುವ ತೊಟ್ಟಿಗಳು. ಕಂದುಬಣ್ಣದ ನೀರು ತಳದಿಂದ ಏಳುವ ಗುಳ್ಳೆಗಳಿಂದ ಎಡೆಬಿಡದೆ ಕುದಿಯುವಂತೆ ತೋರುವುದು.

“ಇಲ್ಲಿ ಕೆಲಸ ಮಾಡುವುದು ಯಂತ್ರವಲ್ಲ, ಮೇಷ್ಟ್ರೇ” ಎಂದನು ಶಿಷ್ಯ. “ಕಣ್ಣಿಗೆ ಕಾಣದ ಜೀವಾಣುಗಳು. ನೀರಿನಲ್ಲಿರುವ ಕಶ್ಮಲವೇ ಅವಕ್ಕೆ ಆಹಾರ. ನಾವು ಉಸಿರಾಡುವುದಕ್ಕೆ ಗಾಳಿಯನ್ನು ಮಾತ್ರ ಕೊಡುತ್ತೇವೆ. ತಿಂದು ಬೆಳೆದು ಗುಂಪಾಗಿ, ಮುಂದಿನ ಕೊಳದಲ್ಲಿ ಕೆಸರಾಗಿ ಇಳಿಯುತ್ತವೆ; ಮೇಲೆ ತಿಳಿನೀರು ನಿಲ್ಲುತ್ತದೆ. ಆ ಕೆಸರಿನಲ್ಲಿ ಒಂದು ಪಾಲನ್ನು ತಿರುಗಿ ಮೊದಲ ತೊಟ್ಟಿಗೆ ಬಿಡುತ್ತೇವೆ. ಮನೆಯಲ್ಲಿ ನಾಳೆಯ ಮೊಸರಿಗೆ ಇಂದಿನ ಹೆಪ್ಪನ್ನು ಎತ್ತಿಡುವುದಿಲ್ಲವೆ? ಹಾಗೆಯೇ ಇದು.”

ಈ ವಿಧಾನವನ್ನು 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್, ಲಾಕೆಟ್ ಎಂಬಿಬ್ಬರು ರಸಾಯನಜ್ಞರು ಲೋಕಕ್ಕೆ ತಿಳಿಸಿದರು. ಅವರಿಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ ಎಂಬುವರು 1916ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೇ ಪ್ರಾಧ್ಯಾಪಕರಾಗಿ ಬಂದರೆಂದು ತಿಳಿದು ನನಗೆ ಆಶ್ಚರ್ಯವಾಯಿತು. ಕೊಳಚೆಯನ್ನು ತಿಳಿಯಾಗಿಸುವ ವಿದ್ಯೆಯನ್ನು ಚೆನ್ನಾಗಿ ಬಲ್ಲವರು ನೂರು ವರ್ಷಗಳ ಹಿಂದೆಯೇ ನಮ್ಮ ಊರಿನಲ್ಲಿದ್ದರು. ಆದರೂ ನೂರು ವರ್ಷಗಳ ಮೇಲೆ ನಮ್ಮ ಕೆರೆ ಉರಿಯಿತು.

ಕೊನೆಯ ಕೊಳದ ಅಂಚಿನಲ್ಲಿ ಶಿಷ್ಯನು ಒಂದು ಗಾಜಿನ ಲೋಟದಲ್ಲಿ ನೀರನ್ನು ಹಿಡಿದು ತೋರಿಸಿದನು. ಅದು ತಿಳಿಯಾಗಿಯೇ ಇದ್ದಿತು. ನಸುಹಳದಿ ಛಾಯೆ ಮಾತ್ರ. ನಾನು ಸಂತೋಷದಿಂದ, “ಹಾಗಾದರೆ ಇದರಲ್ಲಿ ಏನೂ ಉಳಿದಿಲ್ಲವಷ್ಟೆ?” ಎಂದು ಕೇಳಿದೆನು.

ಅವನು ತಡೆದು ಹೇಳಿದನು: “ಆ ಜೀವಾಣುಗಳು ತಮಗೆ ಆಹಾರವಾದುದನ್ನು ತಿನ್ನುತ್ತವೆ. ಸಾಬೂನಿನ ಪುಡಿಯ ರಂಜಕ ಪೂರ್ತಿಯಾಗಿ ಹೋಗುವುದಿಲ್ಲ. ಅದರಿಂದಲೇ ಕೆರೆಗಳಲ್ಲಿ ಕಳೆ ಬೆಳೆಯುತ್ತದೆ. ಬಣ್ಣ, ಕಾರ್ಖಾನೆಯ ಲೋಹ ಇವನ್ನು ಅವು ಮುಟ್ಟಲಾರವು. ಔಷಧಗಳಲ್ಲಿ ಎಷ್ಟೋ ಹಾಗೆಯೇ ದಾಟಿಹೋಗುತ್ತವೆ. ಜನ ಉಳಿದ ಮಾತ್ರೆಗಳನ್ನೆಲ್ಲ ಬಚ್ಚಲಿಗೆ ಸುರಿಯುತ್ತಾರೆ, ಮೇಷ್ಟ್ರೇ.”

ಈ ಮಾತನ್ನು ಕೇಳಿ ನಾನು ಮಾತನಾಡದೆ ನಿಂತೆನು. ನಾಲ್ಕು ವರ್ಷಗಳ ಹಿಂದೆ ನಮ್ಮ ತಾಯಿಯವರು ದೀರ್ಘಕಾಲ ಹಾಸಿಗೆ ಹಿಡಿದು ತೀರಿಕೊಂಡರು. ಕರ್ಮಗಳೆಲ್ಲ ಮುಗಿದ ಮೇಲೆ ಅವರ ತಲೆದೆಸೆಯಲ್ಲಿದ್ದ ಔಷಧದ ಪೆಟ್ಟಿಗೆಯನ್ನು ನೋಡಲಾರದೆ, ಎರಡು ವರ್ಷಗಳಿಂದ ಕೂಡಿಕೊಂಡಿದ್ದ ಮಾತ್ರೆಗಳನ್ನೂ ಸೀಸೆಗಳಲ್ಲಿ ಉಳಿದಿದ್ದ ದ್ರವಗಳನ್ನೂ ಬಚ್ಚಲಿಗೆ ಸುರಿದು, ಮೇಲೆ ನಾಲ್ಕು ಬಿಂದಿಗೆ ನೀರು ಹೊಯ್ದು, ಮನೆ ಶುದ್ಧವಾಯಿತೆಂದು ಭಾವಿಸಿದವನು ನಾನೇ. ನಮ್ಮ ಮನೆಯಿರುವುದು ಈ ಕಣಿವೆಯಲ್ಲಿಯೇ.

ಕತಕಫಲವನ್ನು ಕುರಿತು ಸ್ಮೃತಿಯಲ್ಲಿ ಒಂದು ದೃಷ್ಟಾಂತವುಂಟು. ಆ ಹಣ್ಣಿಗೆ ನೀರನ್ನು ತಿಳಿಗೊಳಿಸುವ ಗುಣವಿದ್ದರೂ ಅದರ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂಬುದು ಅದರ ಅಭಿಪ್ರಾಯ. ಎಷ್ಟೋ ತರಗತಿಗಳಿಗೆ ನಾನು ಅದನ್ನು ಬೋಧಿಸಿದ್ದೆನು. ಶೌಚ, ಮಡಿ, ಶುದ್ಧಿ ಎಂಬ ಹೆಸರುಗಳನ್ನು ಜೀವಮಾನವೆಲ್ಲ ಉಚ್ಚರಿಸಿದ ನಾನು, ನನ್ನ ಹೊಸಲಿನಿಂದ ಹೊರಟ ನೀರಿನ ವಿಷಯದಲ್ಲಿ ಹೆಸರನ್ನು ಹೇಳಿದ್ದೆನೇ ಹೊರತು ಹಣ್ಣನ್ನು ತೇಯ್ದಿರಲಿಲ್ಲ.

ಶ್ರಾವಣ ಬರುವುದಕ್ಕೆ ನಾಲ್ಕು ದಿನ ಮುಂಚೆ ಬಸ್ಸು ಹತ್ತಿ ಕೋಲಾರದ ಕಡೆ ಹೊರಟೆನು. ಹೊಸಕೋಟೆಯನ್ನು ದಾಟಿದ ಮೇಲೆ ಬಂಡೆಗುಡ್ಡಗಳು, ಕೆಂಪು ಹೊಲಗಳು, ತಗ್ಗುತಗ್ಗಿನಲ್ಲಿ ಕೆರೆಯ ಏರಿಗಳು. ಕೋಲಾರದ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಒಂದರ ಕೋಡಿ ಮತ್ತೊಂದರ ಒಡಲಿಗೆ ಬೀಳುವಂತೆ ಪೂರ್ವಿಕರು ಕಟ್ಟಿದ ಕೆರೆಗಳ ಸರಣಿಯೇ ಅದರ ನದಿ. ಮಳೆ ತಪ್ಪಿ ಕೆರೆಗಳು ಬತ್ತಲು, ಜನರು ಸಾವಿರ, ಸಾವಿರದೈನೂರು ಅಡಿಗಳವರೆಗೂ ಕೊಳವೆಬಾವಿ ಕೊರೆದರು. ಆಳದಿಂದ ಬಂದ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಇದ್ದು ಮಕ್ಕಳ ಹಲ್ಲಿನ ಮೇಲೆ ಕಲೆ ಬಿದ್ದಿತು. ಸಾಲ ತಂದು ಕೊರೆಸಿದ ಬಾವಿಯಲ್ಲಿ ಧೂಳು ಮಾತ್ರ ಎದ್ದುದನ್ನು ನೋಡಿ ತಲೆಯ ಮೇಲೆ ಕೈಹೊತ್ತು ಕುಳಿತ ರೈತರನ್ನು ನನ್ನ ತಂಗಿಯ ಊರಿನಲ್ಲಿಯೇ ಕಂಡಿದ್ದೇನೆ.

ಇಂತಹ ನಾಡಿಗೆ ಬೆಂಗಳೂರಿನ ಶುದ್ಧೀಕರಿಸಿದ ನೀರನ್ನು ಕಳುಹಿಸುವ ಯೋಜನೆ ಏರ್ಪಟ್ಟಿತು. ದಿನಕ್ಕೆ 44 ಕೋಟಿ ಲೀಟರು ನೀರನ್ನು ಕೊಳವೆಯಲ್ಲಿ 50 ಕಿಲೋಮೀಟರಿಗೂ ಹೆಚ್ಚು ದೂರ ತಳ್ಳಿ, ನೂರಕ್ಕೂ ಮೇಲ್ಪಟ್ಟು ಕೆರೆಗಳನ್ನು ತುಂಬಿಸುವುದು ಉದ್ದೇಶ. 2018ರ ಜೂನಿನಲ್ಲಿ ಮೊದಲ ನೀರು ಲಕ್ಷ್ಮೀಸಾಗರದ ಕೆರೆಗೆ ಬಿದ್ದಿತು. ಕೆಲವೇ ವಾರಗಳಲ್ಲಿ ಅಲ್ಲಿಯೂ ನೊರೆ ಕಾಣಿಸಿತು, ಜನರು ಗಾಬರಿಗೊಂಡರು, ಹೈಕೋರ್ಟು ಕೆಲವು ಕಾಲ ನೀರನ್ನು ತಡೆಯಿತು, ವ್ಯಾಜ್ಯವು 2019ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ತರುವಾಯ ನೀರು ಮತ್ತೆ ಹರಿಯಿತು.

ನಾನು ಲಕ್ಷ್ಮೀಸಾಗರದ ಏರಿಯ ಮೇಲೆ ನಿಂತು ಬಹಳ ಹೊತ್ತು ನೋಡಿದೆನು. ಬೆಳ್ಳಕ್ಕಿಗಳು ಅಂಚಿನಲ್ಲಿ ನಡೆದಾಡುತ್ತಿದ್ದುವು. ದನ ಕಾಯುತ್ತಿದ್ದ ಮುದುಕನೊಬ್ಬನನ್ನು ಮಾತನಾಡಿಸಿದೆನು. “ನೀರು ಬಂದದ್ದು ಒಳ್ಳೇದಾಯ್ತಾ, ಯಜಮಾನರೇ?” ಎಂದರೆ, “ಬರದೆ ಇದ್ರೆ ಊರು ಬಿಡ್ತಿದ್ವಿ ಸ್ವಾಮಿ. ಬಂತು, ಸಂತೋಷ. ಇನ್ನೊಂದು ಸಲ ತೊಳೆದು ಕಳಿಸಿದ್ರೆ ಅವರ ಗಂಟೇನು ಹೋಗ್ತಿತ್ತು?” ಎಂದನು.

ಆ ಜಿಲ್ಲೆಯವರ ವಾದವೆಲ್ಲ ಈ ಒಂದು ಮಾತಿನಲ್ಲಿದೆ. ಯೋಜನೆಯನ್ನು ರೂಪಿಸಿದಾಗ ನೀರಿಗೆ ಎರಡು ಹಂತದ ಶುದ್ಧಿಯನ್ನು ಮಾತ್ರ ಗೊತ್ತುಮಾಡಿದ್ದರು. ಮೂರನೆಯದೂ ಆಗಬೇಕೆಂದು ಕೋಲಾರದವರು ಮೊದಲಿನಿಂದ ಬೇಡುತ್ತ ಬಂದಿದ್ದಾರೆ. ಅದು ಆಗದ ಕೆಲಸವೇನೂ ಅಲ್ಲ. ಆಫ್ರಿಕಾದ ನಮೀಬಿಯಾ ದೇಶದ ವಿಂಡ್ಹುಕ್ ನಗರದಲ್ಲಿ 1968ರಿಂದ ಕೊಳಚೆನೀರನ್ನು ಹಂತಹಂತವಾಗಿ ಸೋಸಿ ಕುಡಿಯುವ ನೀರಿಗೇ ಬೆರೆಸುತ್ತಾರೆ. ಸಿಂಗಪುರದವರು 2003ರಿಂದ ಅತಿಸೂಕ್ಷ್ಮವಾದ ಪೊರೆಗಳ ಮೂಲಕ ಅದನ್ನು ಹಾಯಿಸಿ ‘ಹೊಸನೀರು’ ಎಂಬ ಅರ್ಥದ ಹೆಸರಿಟ್ಟು ಬಳಸುತ್ತಿದ್ದಾರೆ. ಇನ್ನೊಂದು ಕಡೆ, ಕೆರೆಗಳು ತುಂಬಿದ ಪ್ರದೇಶದಲ್ಲಿ ಅಂತರ್ಜಲ ಏರಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಅಳೆದು ತೋರಿಸಿದ್ದಾರೆ. ಎರಡು ಮಾತುಗಳೂ ನಿಜ. ಬಾಯಾರಿದವನಿಗೆ ನೀರು ಕೊಟ್ಟದ್ದೂ ನಿಜ. ನಾವು ಕುಡಿಯಲೊಪ್ಪದ ನೀರನ್ನು ಕೊಟ್ಟದ್ದೂ ನಿಜ.

ಸಾಯಂಕಾಲ ತಂಗಿಯ ಮನೆ ಸೇರಿದೆನು. ಕಾಲು ತೊಳೆಯುವುದಕ್ಕೂ ನಿಲ್ಲದೆ ಅವಳು ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋದಳು. ಅಟ್ಟದಿಂದ ಇಳಿದ ರಾಟೆಗೆ ಎಣ್ಣೆ ಹಾಕಿದ್ದರು. ಬಾವಿಯೊಳಗೆ ಬಗ್ಗಿ ನೋಡಿದರೆ, ಇಪ್ಪತ್ತು ಅಡಿಯ ಕೆಳಗೆ ನಮ್ಮಿಬ್ಬರ ತಲೆಗಳು ನೀರಿನಲ್ಲಿ ಕಂಡುವು. ಅವಳು ಎಳೆಯ ಹುಡುಗಿಯಂತೆ ನಕ್ಕಳು. ಆ ನಗೆಯ ಎದುರಿನಲ್ಲಿ ನನಗೆ ಮಾತು ಹೊರಡಲಿಲ್ಲ.

ಮರುದಿನ ಬಾವಿಯ ನೀರನ್ನು ಸೀಸೆಯಲ್ಲಿ ತುಂಬಿ ಪರೀಕ್ಷೆಗೆ ಕೊಟ್ಟುಬಂದೆವು. ಬಂದ ಉತ್ತರ ಹೀಗಿದ್ದಿತು: ಬೆಳೆಗೆ ಯೋಗ್ಯ, ಕ್ರಿಮಿಗಳಿರುವುದರಿಂದ ಹಾಗೆಯೇ ಕುಡಿಯತಕ್ಕದ್ದಲ್ಲ. ತೆರೆದ ಬಾವಿಗಳಲ್ಲಿ ಇದೇನೂ ಹೊಸದಲ್ಲ. ಕಾಯಿಸಿದರೆ ಕ್ರಿಮಿ ಸಾಯುವುದು. ಆದರೆ ಔಷಧಗಳೇ ಮುಂತಾದುವನ್ನು ಇಂತಹ ಸಾಮಾನ್ಯ ಪರೀಕ್ಷೆಯಲ್ಲಿ ಹುಡುಕುವುದೇ ಇಲ್ಲ. ಕಾಯಿಸಿದರೂ ಅವು ಹೋಗುತ್ತವೆಂಬ ಭರವಸೆಯಿಲ್ಲ.

ಆ ರಾತ್ರಿ ಊಟವಾದ ಮೇಲೆ ಜಗುಲಿಯಲ್ಲಿ ಕುಳಿತು, ತಾಯಿಯವರ ಔಷಧದ ಪೆಟ್ಟಿಗೆಯ ಸಂಗತಿಯನ್ನು ಅವಳಿಗೆ ಹೇಳಿದೆನು. ಹೇಳದೆ ಶಾಸ್ತ್ರಾರ್ಥವನ್ನು ನಿರ್ಣಯಿಸುವ ಅಧಿಕಾರ ನನಗಿಲ್ಲವೆಂದು ತೋರಿತು. ಅವಳು ಬಹಳ ಹೊತ್ತು ಸುಮ್ಮನಿದ್ದು, “ಅಮ್ಮನ ಮಾತ್ರೆಗಳು ನಮ್ಮೂರಿಗೆ ಬಂದವೇನೋ ಹಾಗಾದರೆ” ಎಂದಳು. ಕೋಪದಿಂದ ಆಡಿದ ಮಾತಲ್ಲ. ಆದುದರಿಂದಲೇ ಅದು ನನ್ನನ್ನು ಹೆಚ್ಚು ನೋಯಿಸಿತು.

ಅನಂತರ ಕಲಶದ ಮಾತು ಬಂದಿತು. ಭೂಮಿಯಲ್ಲಿ ಇಂಗಿದ ನೀರಿಗೆ ದೋಷ ಕಡಿಮೆಯೆಂಬ ಭಾವನೆ ನಮ್ಮಲ್ಲಿ ಉಂಟೆಂದೂ, ಕಲಶಕ್ಕೆ ತುಂಬಲು ಅಡ್ಡಿಯಿಲ್ಲವೆಂದೂ, ಆದರೆ ಅದನ್ನು ತೀರ್ಥವಾಗಿ ಮಕ್ಕಳಿಗೆ ಕೊಡಬಾರದೆಂದೂ ನಾನು ಹೇಳಿದೆನು. ಅವಳು ತಲೆಯಾಡಿಸಿದಳು.

“ಮಕ್ಕಳಿಗೆ ಕೊಡಲಾಗದ ನೀರನ್ನು ದೇವಿಯ ಮುಂದೆ ಇಡುವುದು ಹೇಗೆ, ಅಣ್ಣಯ್ಯ?”

ನಲವತ್ತು ವರ್ಷ ವ್ಯಾಕರಣವನ್ನೂ ಶಾಸ್ತ್ರವನ್ನೂ ಬೋಧಿಸಿದ ನನಗೆ ಇದಕ್ಕೆ ಉತ್ತರ ದೊರೆಯಲಿಲ್ಲ. ಆ ಶುಕ್ರವಾರ ಕಲಶಕ್ಕೆ ತುಂಬಿದ್ದು ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದು ತಂದ ನೀರು. ಬಾವಿಯ ನೀರನ್ನು ಹಿಪ್ಪುನೇರಳೆಗೂ ಹಿತ್ತಿಲ ಬಾಳೆಗೂ ಹಾಯಿಸಿದರು. ಅವು ಹಚ್ಚಗೆ ನಿಂತಿವೆ.

ಬೆಂಗಳೂರಿಗೆ ಮರಳಿದ ಮೇಲೆ ನಮ್ಮ ಮನೆಯಲ್ಲಿ ಕೆಲವು ಏರ್ಪಾಡುಗಳನ್ನು ಮಾಡಿಕೊಂಡಿದ್ದೇವೆ. ಗೃಹಸ್ಥರಿಗೂ ಗೃಹಿಣಿಯರಿಗೂ ಉಪಯೋಗವಾದೀತೆಂದು ಹೇಳುತ್ತೇನೆ. ಉಳಿದ ಔಷಧ, ಬಣ್ಣ, ಕೀಟನಾಶಕಗಳನ್ನು ಬೇರೆ ಕಟ್ಟಿಟ್ಟು ಅಪಾಯಕರವಾದ ಕಸವೆಂದು ಪ್ರತ್ಯೇಕವಾಗಿ ಕೊಡುತ್ತೇವೆ. 2016ರ ಕಸದ ನಿಯಮಗಳಲ್ಲಿಯೂ ಹಾಗೆಯೇ ವಿಧಿಸಿದ್ದಿತು. ಕರಿದ ಎಣ್ಣೆಯನ್ನು ಬಚ್ಚಲಿಗೆ ಚೆಲ್ಲುವುದಿಲ್ಲ. ಬಾಣಲೆಯನ್ನು ಮೊದಲು ಕಾಗದದಿಂದ ಒರಸಿ ಆಮೇಲೆ ತೊಳೆಯುತ್ತೇವೆ. ಸಾಬೂನಿನ ಪುಡಿಯನ್ನು ಅರ್ಧಕ್ಕಿಳಿಸಿದೆವು. ಬಟ್ಟೆಗಳು ಮೊದಲಿನಷ್ಟೇ ಬೆಳ್ಳಗಾಗುತ್ತಿವೆ. ಬಟ್ಟೆ, ಪ್ಲಾಸ್ಟಿಕ್, ಹೂವು ಯಾವುದನ್ನೂ ಮೋರಿಗೆ ಹಾಕುವುದಿಲ್ಲ. ಅವು ಕಟ್ಟಿಕೊಂಡಾಗ ಅದನ್ನು ಬಿಡಿಸಲು ಒಬ್ಬ ಮನುಷ್ಯನನ್ನು ಗುಂಡಿಯೊಳಕ್ಕೆ ಇಳಿಸುವ ಅನಾಚಾರವಿದೆಯಲ್ಲ, 2013ರಲ್ಲಿಯೇ ಶಾಸನವಾಗಿದ್ದರೂ ಅದರಿಂದ ಪ್ರಾಣ ಹೋದ ಸುದ್ದಿ ಆಮೇಲೆಯೂ ಬರುತ್ತಲೇ ಇದೆ.

ಮೂರನೆಯ ಶುದ್ಧಿಯನ್ನು ಮಾಡಬೇಕಾದವರು ಸರ್ಕಾರದವರು. ಅದಕ್ಕಾಗಿ ಕೇಳಬೇಕಾದವರಲ್ಲಿ ಕೋಲಾರದವರ ಜೊತೆಗೆ ನೀರನ್ನು ಕಳುಹಿಸುವ ನಾವೂ ಸೇರಿದ್ದೇವೆ. ಮೊದಲನೆಯ ಶುದ್ಧಿ ಮಾತ್ರ ನಮ್ಮ ನಮ್ಮ ಬಚ್ಚಲುಮನೆಯ ಕೆಲಸ. ಹೊರಡುವ ದಿನ ತಂಗಿಯು ನನ್ನ ಕೈಗೆ ಬಾಳೆಲೆಯ ಕಟ್ಟನ್ನು ಕೊಡುತ್ತ ಹೇಳಿದಳು: “ಮುಂದಿನ ವರ್ಷ ಮತ್ತೆ ಸೀಸೆ ತುಂಬಿ ಪರೀಕ್ಷೆ ಮಾಡಿಸೋಣ, ಅಣ್ಣಯ್ಯ. ರಾಟೆಯನ್ನು ನಾನು ಅಟ್ಟಕ್ಕೆ ಏರಿಸುವುದಿಲ್ಲ.”